ಫಿಶ್‌ಪಾಂಡ್ ಇದ್ದ ಸೆಂಡಾಫ್

ಹೊನ್ನಾವರ, ಕುಮಟಾ, ಭಟ್ಕಳದ ಹೈಸ್ಕೂಲುಗಳಲ್ಲಿ ಹತ್ತನೇ ಇಯತ್ತೆಯವರಿಗೆ ಸೆಂಡಾಫ್ ಕೊಡುವುದು ಫೆಬ್ರವರಿ ಮುಗಿಯುವ ಹೊತ್ತಿಗೆ. ಗೇರು ಹೂಬಿಟ್ಟಿರುತ್ತದೆ, ಮನೆಗಳಲ್ಲಿ ಮಾವಿನ ಮಿಡಿ ಉಪ್ಪಿಗೆ ಬಿದ್ದಿರುತ್ತದೆ, ಪೂರ್ವಸಿದ್ಧತಾ ಪರೀಕ್ಷೆಯ ಪೇಪರು ಕೈಗೆ ಬಂದು ಅರ್ಧ ಕ್ಲಾಸಿನ ಮುಖ ಇಳಿದಿರುತ್ತದೆ. ಸೆಂಡಾಫ್ ಕೊಡುವವರು ಒಂಬತ್ತನೆಯವರು, ತೆಗೆದುಕೊಳ್ಳುವವರು ಹತ್ತನೆಯವರು, ಎದುರಿಗೆ ಕುರ್ಚಿಯಲ್ಲಿ ಕೂತು ನೋಡುವವರು ಮಾಸ್ತರರು, ಅಕ್ಕೋರುಗಳು. ಈ ಮೂರೂ ಜಾಗದಲ್ಲಿ ನಾನು ಕೂತಿದ್ದೇನೆ. ಹೊನ್ನಾವರ ತಾಲೂಕಿನಲ್ಲಿ ಓದಿದೆ, ಕುಮಟೆಯಲ್ಲಿ ಬಿ.ಎಡ್. ಮಾಡಿದೆ, ಭಟ್ಕಳ ತಾಲೂಕಿನಲ್ಲಿ ಅಕ್ಕೋರಾದೆ, ಈಗ ನಿವೃತ್ತಿಗೆ ಹತ್ತಿರ ಬಂದಿದ್ದೇನೆ.

ಇಷ್ಟು ವರ್ಷಗಳಲ್ಲಿ ಕೇಳಿದ ಬೀಳ್ಕೊಡುಗೆ ಭಾಷಣಗಳಲ್ಲಿ ಒಂದೂ ನನಗೆ ನೆನಪಿಲ್ಲ. ಹಳೆಯ ವಿದ್ಯಾರ್ಥಿಗಳು ಬಸ್‌ಸ್ಟ್ಯಾಂಡಿನಲ್ಲಿ, ಮದುವೆಮನೆಯಲ್ಲಿ ಸಿಕ್ಕಾಗ ಅವರಿಗೂ ಭಾಷಣ ನೆನಪಿರುವುದಿಲ್ಲ. ಎಲ್ಲರಿಗೂ ನೆನಪಿರುವುದು ಫಿಶ್‌ಪಾಂಡ್.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಶಾಲೆ ಬಿಟ್ಟು ಹೋಗುವವರು ಮಾಸ್ತರರ ಮೇಲೆ, ಅಕ್ಕೋರುಗಳ ಮೇಲೆ, ಕೆಳಗಿನ ಇಯತ್ತೆಯವರ ಮೇಲೆ, ತಮ್ಮ ತಮ್ಮೊಳಗೂ ತಮಾಷೆಯ ಚೀಟಿ ಬರೆದು ಪೆಟ್ಟಿಗೆಗೆ ಹಾಕುತ್ತಾರೆ. ಯಾರ ಮೇಲೆ ಎಂಬುದು ಮೇಲ್ಗಡೆ ಇರುತ್ತದೆ, ಬರೆದವರ ಹೆಸರು ಇರುವುದಿಲ್ಲ. ಸೆಂಡಾಫಿನ ದಿನ ಒಬ್ಬರು ವೇದಿಕೆಯ ಮೇಲೆ ನಿಂತು ಒಂದೊಂದೇ ಚೀಟಿ ಎತ್ತಿ ಓದಬೇಕು. ಯಾರ ಹೆಸರು ಬಂತೋ ಅವರು ಎದ್ದು ನಿಲ್ಲಬೇಕು. ಹೆಡ್‌ಮಾಸ್ತರರಿಗೂ ಇದರಲ್ಲಿ ರಿಯಾಯಿತಿ ಇಲ್ಲ. ನಮ್ಮ ಉತ್ತರ ಕನ್ನಡ 1862ರಿಂದ 1956ರವರೆಗೆ ಮುಂಬಯಿಗೆ ಸೇರಿದ್ದ ಜಿಲ್ಲೆ. ಇಯತ್ತೆ, ಮಾಸ್ತರು, ಗ್ಯಾದರಿಂಗು ಎಲ್ಲ ಆ ಕಡೆಯ ಸಹವಾಸದಲ್ಲಿ ಬಂದವು. ಮರಾಠಿ ಕಾಲೇಜುಗಳ ಗ್ಯಾದರಿಂಗಿನಲ್ಲಿ ಫಿಶ್‌ಪಾಂಡ್ ಹಳೆಯ ಸಂಪ್ರದಾಯ. ನಮ್ಮ ಶಾಲೆಗೆ ಅದು ಆ ದಾರಿಯಲ್ಲೇ ಬಂದಿರಬೇಕು ಎಂದು ನನ್ನ ಊಹೆ. ಬಂದ ಮೇಲೆ ಅದು ನಮ್ಮದಾಯಿತು.

ನನ್ನ ಸೆಂಡಾಫ್ ಆದದ್ದು 1983ರಲ್ಲಿ. ಅದರ ಹಿಂದಿನ ನವೆಂಬರಿನಲ್ಲಿ ದಿನಕರ ದೇಸಾಯಿಯವರು ತೀರಿಕೊಂಡಿದ್ದರು. ಇವತ್ತಿನ ಮಕ್ಕಳಿಗೆ ಅವರು ಪಠ್ಯಪುಸ್ತಕದ ಚುಟುಕು ಕವಿ. ನಮ್ಮ ಕಡೆಯ ಹಿರಿಯರಿಗೆ ಅವರು ಹೈಸ್ಕೂಲು ಕೊಟ್ಟ ಮನುಷ್ಯ. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ, ಏಳನೇ ಇಯತ್ತೆಗೇ ಓದು ನಿಲ್ಲುತ್ತಿದ್ದ ಊರುಗಳಲ್ಲಿ ಜನತಾ ವಿದ್ಯಾಲಯಗಳನ್ನು ತೆರೆಸಿದವರು. ನಾನು ಓದಿದ ಶಾಲೆ ಅವರ ಟ್ರಸ್ಟಿನದಲ್ಲ. ಆದರೂ ಸುದ್ದಿ ಬಂದ ದಿನ ನಮ್ಮ ಕನ್ನಡ ಅಕ್ಕೋರು ಪಾಠ ಮಾಡಲಿಲ್ಲ. ಅವರ ಚುಟುಕುಗಳನ್ನು ಒಂದಾದ ಮೇಲೊಂದು ಹೇಳುತ್ತ ಹೋದರು, ಪುಸ್ತಕ ನೋಡದೆ. ಫೆಬ್ರವರಿಯಲ್ಲಿ ಸೆಂಡಾಫಿನ ಮಾತು ಬಂದಾಗ ಅವರೇ ಕ್ಲಾಸಿಗೆ ಬಂದು ಹೇಳಿದರು: "ಈ ವರ್ಷ ಫಿಶ್‌ಪಾಂಡಿಗೆ ಎಲ್ಲರೂ ಪ್ರಾಸ ಹಾಕಿ ಬರೆಯೂದು. ಎರಡು ಸಾಲಾದ್ರೂ ಅಡ್ಡಿಲ್ಲ, ನಾಲ್ಕಾದ್ರೂ ಅಡ್ಡಿಲ್ಲ. ಪ್ರಾಸ ತಪ್ಪಿದ ಚೀಟಿ ಓದೂದಿಲ್ಲ."

ಆಮೇಲೆ ಒಂದು ವಾರ ನಮ್ಮ ಕ್ಲಾಸು ಪ್ರಾಸದಲ್ಲೇ ಮಾತಾಡಿತು. ಗಣಿತದಲ್ಲಿ ಮೂವತ್ತೈದು ದಾಟದ ಹುಡುಗರು ದೋಣಿ, ಏಣಿ, ಕಾಣಿ ಎಂದು ಬೆಂಚಿನ ಮೇಲೆ ಬೆರಳಿನಿಂದ ತಾಳ ಹಾಕುತ್ತ ಕೂತರು. ವಿಡಂಬನೆಗೆ ಹೆಸರಾದ ವಿ.ಜಿ. ಭಟ್ಟರು ನಮ್ಮ ತಾಲೂಕಿನ ಕಡತೋಕೆಯವರು ಎಂಬುದೂ ಅದೇ ವಾರ ಅಕ್ಕೋರ ಬಾಯಿಂದ ತಿಳಿಯಿತು. ಕವಿಗಳು ಬೇರೆ ಎಲ್ಲೋ ಹುಟ್ಟುತ್ತಾರೆ ಎಂದುಕೊಂಡಿದ್ದ ನಮಗೆ ಅದು ದೊಡ್ಡ ಸುದ್ದಿ.

ಬರೆದ ಚೀಟಿಗಳನ್ನು ಮೀನಿನ ಆಕಾರದ ಕಾಗದಕ್ಕೆ ಅಂಟಿಸಬೇಕಿತ್ತು. ಡ್ರಾಯಿಂಗ್ ಮಾಸ್ತರರು ಮಾದರಿಗೆ ಒಂದು ಮೀನು ಬರೆದು ಕೊಟ್ಟರು, ಹುಡುಗಿಯರು ಬಣ್ಣದ ಕಾಗದ ಕತ್ತರಿಸಲು ಕೂತೆವು. ಕಾಸರಕೋಡ ಟೊಂಕದಿಂದ ಬರುತ್ತಿದ್ದ ಹುಡುಗನೊಬ್ಬನಿದ್ದ. ಅಪ್ಪ, ಅಣ್ಣಂದಿರು ದೋಣಿಗೆ ಹೋಗುವವರು. ಕ್ಲಾಸಿನಲ್ಲಿ ಹಿಂದಿನ ಬೆಂಚು, ಮಾತು ಕಡಿಮೆ. ಅವನು ಬಂದು ನಮ್ಮ ಮೀನುಗಳನ್ನು ನೋಡಿದ, ತಡೆಯಲಾಗಲಿಲ್ಲ. "ಇದು ಯಾವ ಮೀನೂ ಅಲ್ಲ," ಎಂದ. ಕತ್ತರಿ ಇಸಿದುಕೊಂಡು ನೆಲದ ಮೇಲೆ ಕೂತ. ಬಂಗಡೆಯ ಬಾಲ ಎಲ್ಲಿ ಕವಲೊಡೆಯುತ್ತದೆ, ಇಸೋಣದ ಮೈ ಎಷ್ಟು ಉದ್ದ, ತಾರ್ಲೆಯ ಹೊಟ್ಟೆ ಹೇಗೆ ಬಾಗಿರುತ್ತದೆ, ನೊಗ್ಲಿಯ ಮೂತಿ ಎಷ್ಟು ಚೂಪು, ಒಂದೊಂದನ್ನೂ ಕತ್ತರಿಸಿ ತೋರಿಸುತ್ತ ಹೋದ. ನಾನು ಅಡಿಕೆ ತೋಟದ ಮನೆಯವಳು, ನಮ್ಮಲ್ಲಿ ಮೀನು ಒಳಗೆ ಬರುವ ಹಾಗಿಲ್ಲ. ಸಮುದ್ರ ಕಾಣುವ ಊರಿನಲ್ಲಿ ಹುಟ್ಟಿ ಬೆಳೆದರೂ ಬಂಗಡೆಗೂ ತಾರ್ಲೆಗೂ ಇರುವ ವ್ಯತ್ಯಾಸ ನನಗೆ ತಿಳಿದದ್ದು ಅವತ್ತು. ಡ್ರಾಯಿಂಗ್ ಮಾಸ್ತರರು ಬಂದು ನೋಡಿ, ತಾವು ಬರೆದ ಮಾದರಿಯನ್ನು ಮಡಿಚಿ ಕಿಸೆಗೆ ಹಾಕಿಕೊಂಡು, "ಎಲ್ಲರೂ ಇವನು ಹೇಳಿದ ಹಾಂಗೆ ಮಾಡಿ," ಎಂದರು. ಮೂರು ವರ್ಷದಲ್ಲಿ ಆ ಹುಡುಗನ ಮಾತಿಗೆ ಇಡೀ ಕ್ಲಾಸು ತಲೆಯಾಡಿಸಿದ್ದು ಅದೇ ಮೊದಲು. ಸೆಂಡಾಫಿನ ದಿನ ಗಾಳ ತಂದವನೂ ಅವನೇ, ಪೆಟ್ಟಿಗೆಗೆ ಗಾಳ ಇಳಿಬಿಟ್ಟು ಮೀನು ಎತ್ತಿ ಕೊಟ್ಟವನೂ ಅವನೇ.

ನನ್ನ ಅಕ್ಷರ ದುಂಡಗಿತ್ತು. ಹಾಗಾಗಿ ಚೀಟಿಗಳನ್ನು ಒಂದೇ ಕೈಯಲ್ಲಿ ನಕಲು ಮಾಡುವ ಕೆಲಸ ನನಗೆ ಬಂತು, ಯಾರ ಅಕ್ಷರ ಎಂದು ಗುರುತು ಸಿಗಬಾರದಲ್ಲ. ಸ್ಟಾಫ್‌ರೂಮಿನ ಮೂಲೆಯ ಮೇಜಿನಲ್ಲಿ ಕನ್ನಡ ಅಕ್ಕೋರು ಒಂದೊಂದೇ ಚೀಟಿ ಓದಿ ಎರಡು ರಾಶಿ ಮಾಡುತ್ತಿದ್ದರು. ಬಲಗಡೆಯ ರಾಶಿ ನನಗೆ, ನಕಲು ಮಾಡಲಿಕ್ಕೆ. ಎಡಗಡೆಯದು ಒಲೆಗೆ.

ಆ ಎಡಗಡೆಯ ರಾಶಿಗೆ ಏನು ಹೋಗುತ್ತಿತ್ತು ಎಂದು ಪಕ್ಕದಲ್ಲಿ ಕೂತು ನೋಡಿದ್ದೇ ನಾನು ಹೈಸ್ಕೂಲಿನಲ್ಲಿ ಕಲಿತ ದೊಡ್ಡ ಪಾಠ. ಮಾಸ್ತರರನ್ನು ಬೈದ ಚೀಟಿ ಹೋಗುತ್ತಿತ್ತು ಎಂದುಕೊಂಡಿದ್ದೆ, ಅದು ಹಾಗಿರಲಿಲ್ಲ. ಅಕ್ಕೋರ ಮೇಲೇ ಬಂದಿದ್ದ ಒಂದು ಖಾರದ ಚುಟುಕನ್ನು ಎರಡು ಸಲ ಓದಿ, ನಕ್ಕು, ಬಲಗಡೆ ಇಟ್ಟರು. ಕಾಲು ಎಳೆದು ನಡೆಯುತ್ತಿದ್ದ ಎಂಟನೇ ಇಯತ್ತೆಯ ಹುಡುಗನ ಮೇಲೆ ಬರೆದ ಚೀಟಿಯನ್ನು ಎಡಗಡೆ ಹಾಕಿದರು. ಅದರ ಪ್ರಾಸ ಬಹಳ ಚೆನ್ನಾಗಿತ್ತು. "ಪ್ರಾಸ ಸರಿ ಇತ್ತಲ್ಲ ಅಕ್ಕೋರೆ," ಎಂದೆ. "ತಂಗೀ, ಆ ಕಾಲು ಅಂವ ಆರಿಸಿಕೊಂಡದ್ದಾ?" ಎಂದು ಕೇಳಿದರು. "ಅಂವ ಮಾಡೂದರ ಮೇಲೆ ಬರೀಲಿ. ಇರೂದರ ಮೇಲೆ ಬೇಡ." ಬಣ್ಣ, ಕಾಲು, ಕಣ್ಣು, ಜಾತಿ, ಅಪ್ಪನ ಕೆಲಸ, ಮನೆಯ ಮಾಡು, ಹರಿದ ಅಂಗಿ ಎಲ್ಲ ಎಡಗಡೆ. ತಡವಾಗಿ ಬರುವುದು, ನಿದ್ದೆ ಮಾಡುವುದು, ಚಾಡಿ ಹೇಳುವುದು, ಒಂದೇ ಮಾತನ್ನು ಹತ್ತು ಸಲ ಹೇಳುವುದು ಎಲ್ಲ ಬಲಗಡೆ. ಇಷ್ಟೇ ನಿಯಮ. ಇದಕ್ಕಿಂತ ಒಳ್ಳೆಯ ನಿಯಮವನ್ನು ಆಮೇಲೆ ಯಾವ ಪುಸ್ತಕದಲ್ಲೂ ನಾನು ಓದಿಲ್ಲ.

ಸೆಂಡಾಫಿನ ಮಧ್ಯಾಹ್ನ ಶಾರದಾ ಪೂಜೆ ಮುಗಿದು, ಅವಲಕ್ಕಿ ಬಾಳೆಹಣ್ಣು ಹಂಚಿ ಆದ ಮೇಲೆ ಮೊದಲ ಮೀನು ಎದ್ದಿತು. ಗಣಿತದ ಸರ್. ಬೋರ್ಡಿಗೆ ಮುಖ ಮಾಡಿಕೊಂಡೇ ಹಿಂದಿನ ಬೆಂಚಿನಲ್ಲಿ ಮಾತಾಡುವವನ ತಲೆಗೆ ಚಾಕ್ ಹೊಡೆಯುವುದರಲ್ಲಿ ಅವರದು ಎತ್ತಿದ ಕೈ.

ಲೆಕ್ಕದ ಸರ್ ಕೈಯಲ್ಲಿ ಚಾಕಿನ ತುಂಡು,
ಎಸೆದರೆ ತಪ್ಪದು, ಫಿರಂಗಿಯ ಗುಂಡು!
ಕಳಿಸಿದ್ದರಿವರನ್ನು ಒಲಿಂಪಿಕ್ಸಿಗೆ ಅಂದು
ಚಿನ್ನದ ಪದಕವೊಂದಿರುತಿತ್ತು ಇಂದು.

ಸರ್ ಎದ್ದು ನಿಂತರು. ಶಾಲೆಯೇ ಉಸಿರು ಬಿಗಿಹಿಡಿದು ನೋಡುತ್ತಿತ್ತು. ಅವರು ಕಿಸೆಯಿಂದ ಒಂದು ಚಾಕಿನ ತುಂಡು ತೆಗೆದು ಗುರಿ ಹಿಡಿದಂತೆ ಕೈ ಎತ್ತಿದರು. ಹಿಂದಿನ ಸಾಲಿನ ಹುಡುಗರೆಲ್ಲ ಒಟ್ಟಿಗೇ ತಲೆ ಬಗ್ಗಿಸಿದರು. ಆ ನಗೆ ನಿಲ್ಲುವಷ್ಟರಲ್ಲಿ ಎರಡನೆಯ ಮೀನು ಕನ್ನಡ ಅಕ್ಕೋರ ಹೆಸರಿನಲ್ಲಿ ಬಂತು, ಅವರೇ ಬಲಗಡೆ ಇಟ್ಟ ಆ ಚೀಟಿ.

ಬೆಲ್ ಹೊಡೆದರೂ ಬಿಡದು ಕನ್ನಡದ ಪಾಠ,
ಡಬ್ಬಿಯಲಿ ಆರುವುದು ಮಧ್ಯಾಹ್ನದೂಟ.
ಕರ್ಣನ ರಥಚಕ್ರ ಹೂತಿತ್ತು ಅಲ್ಲಿ,
ಹೊಟ್ಟೆಯಲಿ ಇಲಿಯೊಂದು ಓಡಿತ್ತು ಇಲ್ಲಿ.

ಪ್ಯೂನಿನ ಮೇಲೆ ಎರಡೇ ಸಾಲು ಇತ್ತು: "ಹೆಡ್‌ಮಾಸ್ತರು ಬಂದರೆ ನಿಲ್ಲುವುದು ಶಾಲೆ, ಇವರ ಕೈ ಎದ್ದರೆ ಬಿಡುವುದು ಶಾಲೆ." ಗಂಟೆ ಹೊಡೆಯುವುದು, ನೀರು ತುಂಬುವುದು, ರಜಿಸ್ಟರು ಹೊರುವುದು ಬಿಟ್ಟರೆ ವೇದಿಕೆಯ ಕಡೆ ಬಾರದ ಮನುಷ್ಯ. ತನ್ನ ಹೆಸರು ಕೇಳಿ ಬಾಗಿಲ ಬಳಿ ನಿಂತಲ್ಲೇ ಕೈಮುಗಿದರು. ಆವತ್ತಿನ ಅತಿ ದೊಡ್ಡ ಚಪ್ಪಾಳೆ ಅವರಿಗೆ ಬಿತ್ತು.

ಕೊನೆಗೆ ಹುಡುಗರು ಯಕ್ಷಗಾನ ಮಾಡಿದರು. ಇಡಗುಂಜಿ ಮೇಳದ ತಾಲೂಕು ನಮ್ಮದು. ಕೆರೆಮನೆಯವರ ಆಟ ನೋಡಿ ಬೆಳೆದ ಹುಡುಗರಿಗೆ ಯಾರೂ ಒಡ್ಡೋಲಗ ಕಲಿಸಿಕೊಡಬೇಕಾಗಿರಲಿಲ್ಲ. ಡೆಸ್ಕೇ ಚಂಡೆ. ಆರು ವಿಷಯಕ್ಕೆ ಆರು ತಲೆ ಇರುವ ಎಸ್ಸೆಸ್ಸೆಲ್ಸಿ ಎಂಬ ರಾಕ್ಷಸ ರಟ್ಟಿನ ಕಿರೀಟ ಹೊತ್ತು ಬಂದ. ಒಂದೊಂದು ತಲೆಗೂ ಆಯಾ ವಿಷಯದ ಮಾಸ್ತರರ ಧ್ವನಿ. ಇತಿಹಾಸದ ತಲೆ ಇಸವಿ ಕೇಳುತ್ತಿತ್ತು, ಇಂಗ್ಲಿಷಿನ ತಲೆ ಸ್ಪೆಲ್ಲಿಂಗ್ ಕೇಳುತ್ತಿತ್ತು. ಧ್ವನಿ ಕೇಳಿದೊಡನೆ ಎಂಟನೇ ಇಯತ್ತೆಯ ಚಿಕ್ಕ ಮಕ್ಕಳೂ ಮಾಸ್ತರರ ಹೆಸರು ಕೂಗುತ್ತಿದ್ದರು. ಅಣಕಿಸುವುದಕ್ಕೆ ಎಷ್ಟು ಗಮನ ಬೇಕು ಎಂದು ಆಗ ನನಗೆ ಹೊಳೆದಿರಲಿಲ್ಲ. ಮೂರು ವರ್ಷ ಕಿವಿಗೊಟ್ಟು ಕೇಳದೆ ಇದ್ದವನಿಗೆ ತನ್ನ ಮಾಸ್ತರರ ಕೆಮ್ಮನ್ನು, ಕನ್ನಡಕ ಒರೆಸುವ ರೀತಿಯನ್ನು, ಸಿಟ್ಟು ಬಂದಾಗ ಎಲ್ಲಿ ಮಾತು ನಿಲ್ಲಿಸುತ್ತಾರೆ ಎಂಬುದನ್ನು ಹಾಗೆ ತೋರಿಸಲು ಬರುವುದಿಲ್ಲ.

ಪರೀಕ್ಷೆಯ ಕೊನೆಯ ದಿನ ಫೌಂಟನ್ ಪೆನ್ನಿನ ಶಾಯಿಯನ್ನು ಒಬ್ಬರ ಅಂಗಿಗೆ ಒಬ್ಬರು ಚೆಲ್ಲಿಕೊಂಡು ಮನೆಗೆ ಹೋಗಿ ಬೈಸಿಕೊಂಡದ್ದೂ ಇದೆ. ಆಟೋಗ್ರಾಫ್ ಪುಸ್ತಕಗಳೂ ಇದ್ದವು. ಅವು ಎಲ್ಲ ಊರಲ್ಲೂ ಇದ್ದಂಥವು.

ಪದವಿಗೆ ಸೇರಿದ ಕಾಲೇಜಿನಲ್ಲಿ ಫಿಶ್‌ಪಾಂಡ್ ಇನ್ನೂ ದೊಡ್ಡದಾಗಿ ನಡೆಯುತ್ತಿತ್ತು, ಆದರೆ ಅಲ್ಲಿ ಚೀಟಿ ಆರಿಸುವವರು ಇರಲಿಲ್ಲ. ಪೆಟ್ಟಿಗೆಗೆ ಬಿದ್ದದ್ದೆಲ್ಲ ಮೈಕಿಗೆ ಬಂತು. ನಮ್ಮ ಕ್ಲಾಸಿನ ಒಬ್ಬ ಹುಡುಗಿಯ ಹಲ್ಲಿನ ಮೇಲೆ ಯಾರೋ ಬರೆದಿದ್ದರು. ಅವಳು ಎದ್ದು ನಿಂತಳು, ನಿಯಮ ಹಾಗಿತ್ತು. ಇಡೀ ಸಭಾಂಗಣ ನಕ್ಕಿತು. ಆಮೇಲೆ ಎರಡು ವರ್ಷ ಅವಳು ಮಾತಾಡುವಾಗ ಬಾಯಿಗೆ ಕರವಸ್ತ್ರ ಹಿಡಿಯುವುದನ್ನು ನಾನು ನೋಡಿದ್ದೇನೆ. ಪೆಟ್ಟಿಗೆ ಅದೇ, ಆಟ ಅದೇ. ಎಡಗಡೆಯ ರಾಶಿ ಒಂದು ಇರಲಿಲ್ಲ, ಅಷ್ಟೇ.

ಕುಮಟೆಯಲ್ಲಿ ಕಮಲಾ ಬಾಳಿಗಾ ಕಾಲೇಜಿನಲ್ಲಿ ಬಿ.ಎಡ್. ಮಾಡುವಾಗ ಊರಿನ ಹೈಸ್ಕೂಲುಗಳಿಗೆ ಅಭ್ಯಾಸ ಪಾಠಕ್ಕೆ ಹೋಗುತ್ತಿದ್ದೆವು. ಸುರುಳಿ ಸುತ್ತಿದ ಚಾರ್ಟು, ಮಡಿಚುವ ರೋಲರ್ ಬೋರ್ಡು, ಬಣ್ಣದ ಚಾಕ್, ಪಾಠಯೋಜನೆಯ ಪುಸ್ತಕ ಎಲ್ಲ ಹೊತ್ತುಕೊಂಡು. ಹಿಂದಿನ ಬೆಂಚಿನಲ್ಲಿ ನಮ್ಮ ಪ್ರಾಧ್ಯಾಪಕರು ಅಂಕ ಹಾಕಲು ಕೂತಿರುತ್ತಿದ್ದರು. ಕೊನೆಯ ಪಾಠ ಮುಗಿದ ದಿನ ಒಂಬತ್ತನೆಯ ಮಕ್ಕಳು ನಮ್ಮನ್ನು ಕೂರಿಸಿ ಒಂದು ಆಟ ತೋರಿಸಿದರು. ಒಬ್ಬಳು ಸೀರೆಯಂತೆ ದುಪ್ಪಟ್ಟಾ ಉಟ್ಟು, ಆನೆಯ ಚಿತ್ರ ಹಿಡಿದು, "ಮಕ್ಕಳೇ, ಈ ಚಿತ್ರದಲ್ಲಿ ಏನು ಕಾಣುತ್ತದೆ?" ಎಂದಳು. ಕ್ಲಾಸು ಒಟ್ಟಿಗೆ "ಆನೆ" ಎಂದಿತು. "ಬಹಳ ಚೆನ್ನಾಗಿ ಹೇಳಿದಿರಿ. ಹಾಗಾದರೆ ಇವತ್ತು ನಾವು ತ್ರಿಕೋನದ ಬಗ್ಗೆ ತಿಳಿಯೋಣ." ಹಿಂದಿನ ಬೆಂಚಿನಲ್ಲಿ ಕನ್ನಡಕ ಹಾಕಿ ಕೂತ ಹುಡುಗ ಎಡೆಬಿಡದೆ ಏನೋ ಗೀಚುತ್ತಿದ್ದ. ನಮ್ಮ ಪ್ರಾಧ್ಯಾಪಕರು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ಪೀಠಿಕೆ ಎಂದರೆ ಪಾಠಕ್ಕೆ ಬಾಗಿಲಾಗಬೇಕು, ಬರೀ ಶಾಸ್ತ್ರ ಆಗಬಾರದು ಎಂದು ವರ್ಷವಿಡೀ ಅವರು ಹೇಳಿದ್ದನ್ನು ಆ ಮಕ್ಕಳು ಐದು ನಿಮಿಷದಲ್ಲಿ ನಮಗೆ ಮುಟ್ಟಿಸಿದರು. ಅವತ್ತಿನಿಂದ ನಾನು ಪಾಠಕ್ಕೆ ಸಂಬಂಧ ಇಲ್ಲದ ಚಾರ್ಟು ಹಿಡಿದು ಕ್ಲಾಸಿಗೆ ಹೋಗಿಲ್ಲ.

ಭಟ್ಕಳದ ಕಡೆ ನೌಕರಿ ಸಿಕ್ಕಿದಾಗ ಈ ಸಂಪ್ರದಾಯ ಅಲ್ಲಿ ನಡೆಯುತ್ತದೋ ಇಲ್ಲವೋ ಎಂಬ ಅಳುಕಿತ್ತು. ಒಂದೇ ಕ್ಲಾಸಿನಲ್ಲಿ ಮನೆಯಲ್ಲಿ ಕನ್ನಡ, ಕೊಂಕಣಿ, ನವಾಯತಿ, ಉರ್ದು ಆಡುವ ಮಕ್ಕಳು. ಊರಿನಲ್ಲಿ ಗಲಾಟೆಯಾದ ವರ್ಷಗಳಲ್ಲಿ ಮಕ್ಕಳು ಬೇರೆ ಬೇರೆ ಬೆಂಚಿನಲ್ಲಿ ಕೂತದ್ದನ್ನೂ ನೋಡಿದ್ದೇನೆ. ಅಂಥ ಒಂದು ವರ್ಷದ ಫೆಬ್ರವರಿಯಲ್ಲಿ ನಾನು ಪೆಟ್ಟಿಗೆ ಇಟ್ಟೆ, ನನ್ನ ಅಕ್ಕೋರ ನಿಯಮವನ್ನು ಬೋರ್ಡಿನ ಮೇಲೆ ಬರೆದೆ: ಮಾಡುವುದರ ಮೇಲೆ ಬರೆಯಿರಿ, ಇರುವುದರ ಮೇಲೆ ಬೇಡ. ಯಾವ ಭಾಷೆಯಲ್ಲಾದರೂ ಬರೆಯಬಹುದು, ಲಿಪಿ ಕನ್ನಡ ಇರಲಿ, ಓದಿ ಅರ್ಥ ಹೇಳುವವರು ನನ್ನ ಪಕ್ಕ ಕೂರಲಿ ಎಂದೆ. ಚೀಟಿ ಆರಿಸಲು ನನ್ನ ಮೇಜಿನ ಸುತ್ತ ನಾಲ್ಕು ಮನೆಮಾತಿನ ನಾಲ್ಕು ಹುಡುಗಿಯರು ಕೂತರು. ನವಾಯತಿಯ ಚೀಟಿಯೊಂದಕ್ಕೆ ಒಬ್ಬಳು ಬಿದ್ದು ಬಿದ್ದು ನಕ್ಕಾಗ ಉಳಿದ ಮೂವರೂ ಅರ್ಥ ಹೇಳೆಂದು ಅವಳ ಕೈ ಜಗ್ಗಿದರು. ಅರ್ಥ ಹೇಳಿದಳು. ಅದು ನನ್ನ ಮೇಲೇ ಇತ್ತು: ಸಿಟ್ಟು ಬಂದಾಗ ನಾನು ಕನ್ನಡ ಬಿಟ್ಟು ಹವ್ಯಕ ಮಾತಿಗೆ ಇಳಿಯುತ್ತೇನೆ, ಆಗ ಯಾರಿಗೂ ಏನೂ ತಿಳಿಯುವುದಿಲ್ಲ, ಹಾಗಾಗಿ ಬೈಗುಳ ತಾಗುವುದಿಲ್ಲ ಎಂದು. ಬಲಗಡೆ ಇಟ್ಟೆ. ಆ ಸೆಂಡಾಫಿನ ದಿನ ಒಂಬತ್ತನೆಯ ಹುಡುಗಿಯರು ಭಟ್ಕಳ ಮಲ್ಲಿಗೆಯ ದಂಡೆ ತಂದು ಎಲ್ಲ ಅಕ್ಕೋರುಗಳಿಗೂ ಮುಡಿಸಿದರು, ಮಕ್ಕಳು ಕೂತದ್ದು ಸಿಕ್ಕ ಸಿಕ್ಕ ಜಾಗದಲ್ಲಿ.

ದೂರದ ಫಿನ್‌ಲೆಂಡಿನಲ್ಲಿಯೂ ಇದೇ ಫೆಬ್ರವರಿಯಲ್ಲಿ, ಅಂತಿಮ ಪರೀಕ್ಷೆಗೆ ಮೊದಲು, ಶಾಲೆ ಬಿಡುವ ಹಿರಿಯ ಮಕ್ಕಳು ವೇಷ ಹಾಕಿ, ಮಾಸ್ತರರನ್ನು ಅಣಕಿಸಿ, ಲಾರಿ ಏರಿ ಬೀದಿಯಲ್ಲಿ ನಿಂತ ಕಿರಿಯರಿಗೆ ಮಿಠಾಯಿ ಎಸೆಯುತ್ತ ಹೋಗುತ್ತಾರೆ ಎಂದು ಓದಿದಾಗ ನನಗೆ ಬಹಳ ಸಂತೋಷವಾಯಿತು. ಹಿಮ ಬೀಳುವ ಊರಿನ ಮಕ್ಕಳಿಗೂ ಬೆವರು ಸುರಿಯುವ ನಮ್ಮ ಕರಾವಳಿಯ ಮಕ್ಕಳಿಗೂ ಹೋಗುವ ಮೊದಲು ಒಂದು ದಿನ ದೊಡ್ಡವರ ಎದುರು ನಗಬೇಕೆನಿಸುತ್ತದೆ. ದೊಡ್ಡವರು ಆ ದಿನವನ್ನು ಅವರಿಗೆ ಬಿಟ್ಟುಕೊಡುತ್ತಾರೆ.

ನಮ್ಮಲ್ಲಿ ಈಚೆಗೆ ಆ ದಿನ ಬೇರೆಯಾಗಿದೆ. ಅಕ್ಕಪಕ್ಕದ ಶಾಲೆಗಳ ಬೀಳ್ಕೊಡುಗೆಗೆ ಅತಿಥಿಯಾಗಿ ಹೋದಾಗ ನೋಡುತ್ತೇನೆ: ಕೇಕು, ಬಲೂನು, ದೊಡ್ಡ ಸ್ಪೀಕರು, ಸಿನಿಮಾ ಹಾಡಿಗೆ ಡ್ಯಾನ್ಸು, ಎಲ್ಲರೂ ಅಳುವಂಥ ಸಂಗೀತ ಹಾಕಿದ ಫೋಟೋಗಳ ವಿಡಿಯೋ. ಮಕ್ಕಳ ಖುಷಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅಲ್ಲಿ ಯಾವ ಮಗುವೂ ತನ್ನ ಮಾಸ್ತರರ ಬಗ್ಗೆ ತನ್ನದೇ ಒಂದು ಸಾಲು ಹೇಳುವುದಿಲ್ಲ. ಅಣಕ ನಿಂತಿಲ್ಲ, ಅದು ಫೋನಿಗೆ ಹೋಗಿದೆ. ಅಕ್ಕೋರು ಬೋರ್ಡಿಗೆ ತಿರುಗಿದಾಗ ತೆಗೆದ ಫೋಟೋಕ್ಕೆ ಮಾತು ಸೇರಿಸಿ, ಹೆಸರಿಲ್ಲದ ಖಾತೆಯಿಂದ ಹಾಕುತ್ತಾರೆ. ಸಹಪಾಠಿಯ ಹಲ್ಲು, ಬಣ್ಣ, ಕಾಲು ಎಲ್ಲ ಅಲ್ಲಿ ಬರುತ್ತದೆ. ಹೆಸರಿಲ್ಲದ ಚೀಟಿ ನಮ್ಮ ಕಾಲದಲ್ಲೂ ಇತ್ತು. ಅದನ್ನು ಮೊದಲು ಓದಿ ಆರಿಸುವ ಒಬ್ಬರು ಇದ್ದರು, ಯಾರ ಮೇಲೆ ಬರೆದಿತ್ತೋ ಅವರು ಎದುರಿಗೇ ಇದ್ದು ಒಟ್ಟಿಗೆ ನಗುತ್ತಿದ್ದರು. ಈಗ ಈ ಎರಡೂ ಇಲ್ಲ. ಮಕ್ಕಳು ಕೆಟ್ಟರು ಎಂದು ಸ್ಟಾಫ್‌ರೂಮಿನಲ್ಲಿ ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ನಗುವುದಕ್ಕೆ ನಾವು ಅವರಿಗೆ ಜಾಗ ಇಟ್ಟಿಲ್ಲ, ಹೇಗೆ ನಗಬೇಕು ಎಂದು ಪಕ್ಕದಲ್ಲಿ ಕೂರಿಸಿ ತೋರಿಸಿಲ್ಲ.

ಕುಮಟಾ, ಹೊನ್ನಾವರ, ಭಟ್ಕಳದ ಹೆಡ್‌ಮಾಸ್ತರರಲ್ಲಿ, ಮಾಸ್ತರರಲ್ಲಿ, ಅಕ್ಕೋರುಗಳಲ್ಲಿ ನನ್ನ ಕೋರಿಕೆ ಇದು. ಮುಂದಿನ ಫೆಬ್ರವರಿಯಲ್ಲಿ ಪೂರ್ವಸಿದ್ಧತಾ ಪರೀಕ್ಷೆ ಮುಗಿದ ಮೇಲೆ ಒಂದು ಮಧ್ಯಾಹ್ನ ಬಿಡುವು ಮಾಡಿಕೊಳ್ಳಿ. ಇದಕ್ಕೆ ಖರ್ಚೂ ಇಲ್ಲ, ಇಲಾಖೆಯ ಸುತ್ತೋಲೆಯೂ ಬೇಡ. ಚೀಟಿಗಳನ್ನು ನೀವೇ ಓದಿ, ಇಬ್ಬರು ಮೂವರು ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿ, ಯಾವುದು ಯಾವ ರಾಶಿಗೆ ಹೋಯಿತು, ಏಕೆ ಹೋಯಿತು ಎಂದು ಅವರಿಗೆ ಹೇಳಿ. ನಿಮ್ಮ ಹೆಸರು ಬಂದಾಗ ಎದ್ದು ನಿಲ್ಲಿ.

ಹತ್ತನೆಯ ಇಯತ್ತೆಯ ಮಕ್ಕಳೇ, ನಿಮ್ಮ ಅಕ್ಕೋರ ಬಗ್ಗೆ ನಾಲ್ಕು ಸಾಲು ಈಗಲೇ ಬರೆಯಲು ಸುರು ಮಾಡಿ. ಪ್ರಾಸ ಕೂಡಿಸಲು ಒಂದು ವಾರವಾದರೂ ಬೇಕು.